ಜರೀಗಿಡಗಳ ಬ್ರಹ್ಮಸಮುದ್ರೀಯ ವರ್ಗೀಕರಣ

ಜರೀಗಿಡಗಳನ್ನು ವಿಂಗಡಿಸುವ ಕೆಲಸ ಇದುವರೆಗೆ ಮಳೆಯೂರಿನವರ ಪಾಲಾಗಿದ್ದೇ ಆ ಶಾಸ್ತ್ರದ ಸಕಲ ಗೊಂದಲಕ್ಕೂ ಮೂಲವೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಹೂ ಕಾಣದ್ದನ್ನೆಲ್ಲ ತನ್ನ ಇಪ್ಪತ್ತನಾಲ್ಕನೆಯ ವರ್ಗಕ್ಕೆ ತುಂಬಿ, ಜರೀಗಿಡವನ್ನು ಹಾವಸೆ, ಪಾಚಿ, ಅಣಬೆಗಳ ಜೊತೆ ಒಂದೇ ಮನೆಯಲ್ಲಿಟ್ಟ. ಒಟ್ಟು ಕುಟುಂಬಕ್ಕೆ ಆಗಬೇಕಾದ್ದೇ ಆಯಿತು. 2016ರ ಅಂತರರಾಷ್ಟ್ರೀಯ ಪಾಲುಪಟ್ಟಿ ಜರೀಗಿಡಗಳಿಗೂ ಅವುಗಳ ದಾಯಾದಿ ಲೈಕೋಫೈಟುಗಳಿಗೂ ಸೇರಿ 51 ಕುಟುಂಬ, 337 ಕುಲ, 11,916 ಪ್ರಭೇದಗಳನ್ನು ಬರೆದುಕೊಟ್ಟಿತು. ಡಿಎನ್‌ಎ ಸಾಕ್ಷಿ ಹಾಕಿತು. ಅನಂತಪುರ ಜಿಲ್ಲೆಯ ಬ್ರಹ್ಮಸಮುದ್ರದಲ್ಲಿ ಇಷ್ಟೆಲ್ಲ ಬಾಬತ್ತು ಬೇಕಿಲ್ಲ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ಸೀಮೆ, ಅದೂ ಬಂದರೆ. ಇಲ್ಲಿ ಗಿಡಕ್ಕೆ ಕೇಳತಕ್ಕ ಪ್ರಶ್ನೆ ಒಂದೇ: ಮಳೆ ಕೈಕೊಟ್ಟಾಗ ನೀನೇನು ಮಾಡುತ್ತೀ?

ಉತ್ತರ ಎರಡೇ ಬಗೆ. ಬಂಡೆಸಂದಿನ ಮಯೂರಶಿಖೆ ಮುದುಡುಗಣಕ್ಕೆ ಸೇರಿದ್ದು. ನೀರು ಆರಿದರೆ ಎಲೆ ಸುರುಟಿಕೊಂಡು ಸತ್ತಂತೆ ಬಿದ್ದಿರುತ್ತದೆ, ನೆನೆದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕೆರೆಯಂಗಳದ ಮಾರ್ಸೀಲಿಯ ಹುದುಗುಗಣದ್ದು. ನಾಲ್ಕೆಲೆಯ ಸೊಪ್ಪಿನ ವೇಷದಲ್ಲಿ ಜನರನ್ನು ಏಮಾರಿಸುವ ಈ ಜರೀಗಿಡ ತನ್ನ ಬೀಜಕಗಳನ್ನು ಗಟ್ಟಿ ಸಂಪುಟದೊಳಗೆ ಭದ್ರಪಡಿಸಿ ಒಣಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ವೇದಾವತಿಯ ದಾರಿ ಕಾಯುವುದನ್ನೇ ಕಸುಬು ಮಾಡಿಕೊಂಡ ಭೈರವಾನಿತಿಪ್ಪ ಜಲಾಶಯವನ್ನೂ ಇದೇ ಗಣಕ್ಕೆ ಸೇರಿಸುವ ಆಸೆಯಿತ್ತು, ಬೀಜಕವಿಲ್ಲದ್ದರಿಂದ ಕೈಬಿಡಲಾಯಿತು.

ಎಲೆಯಡಿಯ ಬೀಜಕಗಳ ಜೋಡಣೆ ನೋಡಿ ಕುಲ ನಿರ್ಣಯಿಸುವುದು ಸಂಪ್ರದಾಯವಲ್ಲವೇ ಎಂದು ಪಂಡಿತರು ಕೇಳಬಹುದು. ಎಲೆಯೇ ಸುರುಟಿ ಕೂತಿರುವಾಗ ಅಡಿ ಯಾವುದು, ಮೇಲು ಯಾವುದು? ಬೆಡ್ಡೋಮ್ ಸಾಹೇಬರು 1860ರ ದಶಕದಲ್ಲಿ ದಕ್ಷಿಣ ಭಾರತದ ಜರೀಗಿಡಗಳ ಚಿತ್ರಸಂಪುಟ ತಂದರಲ್ಲ, ಚಿತ್ರಕ್ಕೆ ಎಲೆ ಅಗಲಿಸಿ ನಿಂತ ಗಿಡವೇ ಬೇಕು. ಹಾಗೆ ನಿಲ್ಲುವ ಪುರುಸೊತ್ತು ಇಲ್ಲಿಯದಕ್ಕಿಲ್ಲ. ಮುದುಡದ, ಹುದುಗದ ಆಗುಂಬೆಯ ಜರೀಗಿಡದ ಗತಿಯೇನೆಂದರೆ, ಪರೀಕ್ಷೆಗೇ ಕೂರದವರಿಗೆ ದರ್ಜೆ ಕೊಡುವ ಪದ್ಧತಿ ಎಲ್ಲೂ ಇಲ್ಲ. ಇನ್ನು ಗಂಭೀರವಾದ ಆಕ್ಷೇಪ: ಮಣ್ಣಲ್ಲಿ ಹೂತುಕೊಂಡು ಮಳೆಗೆ ಏಳುವ ಕಪ್ಪೆಯೂ ಹೂ ಬಿಡುವುದಿಲ್ಲ, ಅದೂ ಜರೀಗಿಡವೇ? ಶಾಸ್ತ್ರಕ್ಕೆ ದಾಕ್ಷಿಣ್ಯವಿಲ್ಲ, ಹೌದು. ಅಣಬೆಗೆ ಜಾಗವಿದ್ದ ಲಿನೇಯಸ್ಸನ ಮನೆಯಲ್ಲಿ ಕಪ್ಪೆಗೊಂದು ಮೂಲೆ ಸಿಗದೆ? ಬೀಜಕದ ಮಾತೆತ್ತಿ ಜಲಾಶಯದ ಪರ ವಾದಕ್ಕೆ ಬರುವವರು ಮುಂದಿನ ಆವೃತ್ತಿಗೆ ಕಾಯಬೇಕು. ಶೇಂಗಾವನ್ನು ಮಾತ್ರ, ಕಾಯನ್ನು ನೆಲದೊಳಗೇ ಕಟ್ಟಿದರೂ, ಹಳದಿ ಹೂ ಬಿಡುವ ಆಡಂಬರಕ್ಕಾಗಿ ಸೇರಿಸಿಕೊಂಡಿಲ್ಲ.