ಅಜ್ಜಿಯ ಲೈನಿಗೊಂದು ಐಫೋನ್

ವೆರೈಜನ್ ವೈರ್‌ಲೆಸ್ ಸಂಸ್ಥೆಯಲ್ಲಿ ದರ ನಿಗದಿ ಮಾಡುವ ಮಹಾಶಯರಿಗೆ ಸಾಷ್ಟಾಂಗ ನಮಸ್ಕಾರಗಳು.

2012ರ ಜೂನ್ 28ರಂದು ಅಮೆರಿಕದ ಕುಟುಂಬಗಳಿಗೆ ತಾವು ಕಲಿಸಿದ ಲೆಕ್ಕಕ್ಕೆ ತಕ್ಕ ಮನ್ನಣೆ ಸಿಗಲಿಲ್ಲವೆಂಬ ಕೊರಗಿನಿಂದ ಈ ಪತ್ರ. ಅದಕ್ಕೂ ಒಂದು ವರ್ಷ ಮುಂಚೆ, ತಿಂಗಳಿಗೆ 30 ಡಾಲರಿನ ಅನ್‌ಲಿಮಿಟೆಡ್ ಡೇಟಾವನ್ನು ಹೊಸ ಗಿರಾಕಿಗಳಿಗೆ ನಿಲ್ಲಿಸಿದ್ದಿರಿ. ಹಳಬರನ್ನು ಮುಟ್ಟಲಿಲ್ಲ, ದೊಡ್ಡ ಮನಸ್ಸು. ಆದರೆ ‘ಶೇರ್ ಎವೆರಿಥಿಂಗ್’ ಪ್ಲಾನ್ ಬಂದ ಆ ಜೂನ್ 28ರಂದು ಅವರಿಗೂ ಒಂದು ಷರತ್ತು ಬಂತು: ಎರಡು ವರ್ಷದ ಕರಾರಿನ ರಿಯಾಯಿತಿಯಲ್ಲಿ ಹೊಸ ಫೋನ್ ಬೇಕೆಂದರೆ ಅನ್‌ಲಿಮಿಟೆಡ್ ಬಿಡಬೇಕು, ಅದು ಉಳಿಯಬೇಕೆಂದರೆ ಫೋನಿಗೆ ಪೂರ್ತಿ ಬೆಲೆ ತೆರಬೇಕು. ಫೋನ್ ಒಂದು ಅಂಗಡಿಯಲ್ಲಿ, ಸಿಮ್ ಇನ್ನೊಂದರಲ್ಲಿ ಕೊಳ್ಳುವ ಬೆಂಗಳೂರಿನವರಿಗೆ ಈ ಗಂಟು ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ, ಅಂಕಿಯಲ್ಲೇ ಹೇಳುತ್ತೇನೆ. ಆ ವರ್ಷದ 16 ಜಿಬಿ ಐಫೋನ್ 5 ಕರಾರಿನಲ್ಲಿ 199 ಡಾಲರ್, ಕರಾರಿಲ್ಲದೆ 649. ವ್ಯತ್ಯಾಸ 450. ಪೂರ್ತಿ ಬೆಲೆ ಕೊಟ್ಟವರ ತಿಂಗಳ ಬಿಲ್ಲು ಅದಕ್ಕಾಗಿ ಒಂದು ಸೆಂಟೂ ಇಳಿಯಲಿಲ್ಲ. ರಿಯಾಯಿತಿಯ ಖರ್ಚನ್ನು ತಾವು ವಸೂಲು ಮಾಡುತ್ತಿದ್ದದ್ದು ಆ ಬಿಲ್ಲಿನಿಂದಲೇ. ಹಾಗಾಗಿ ಅವರು ತೆತ್ತ 450 ಡಾಲರ್ ಫೋನಿನ ಬೆಲೆಯಲ್ಲ. ತಾವು ಮೊದಲೇ ಕೊಟ್ಟಿದ್ದ ಮಾತನ್ನು ತಮ್ಮಿಂದಲೇ ಎರಡನೇ ಸಲ ಕೊಂಡ ಬೆಲೆ.

ಫ್ಯಾಮಿಲಿ ಪ್ಲಾನಿನ ಜಾಣರು ಹುಟ್ಟಿಕೊಂಡದ್ದು ಇಲ್ಲೇ. ಒಂದು ಬಿಲ್ಲಿನಡಿ ನಾಲ್ಕೈದು ಲೈನು. ಅದರಲ್ಲೊಂದು ಮಾತಿಗಷ್ಟೇ ಬಳಸುವ ಅಜ್ಜಿಯದು. ಆಕೆಯ ಮಡಚುವ ಫೋನಿನ ಲೈನಿಗೂ ಕಾಲಕಾಲಕ್ಕೆ ಅಪ್‌ಗ್ರೇಡ್ ಹಕ್ಕು ಬರುತ್ತಿತ್ತು. ಆ ಹಕ್ಕಿನಲ್ಲಿ ಐಫೋನ್ ತರಿಸು, ಮೊಮ್ಮಗನ ಅನ್‌ಲಿಮಿಟೆಡ್ ಲೈನಿನಲ್ಲಿ ಆಕ್ಟಿವೇಟ್ ಮಾಡಿಸು, ಅಜ್ಜಿಗೆ ಅವರ ಹಳೇ ಫೋನನ್ನೇ ಮರಳಿಸು. ಇದು ಕಳ್ಳದಾರಿ, ಅಜ್ಜಿಯ ಪುಟ್ಟ ಬಿಲ್ಲಿನಿಂದ ಐಫೋನಿನ ರಿಯಾಯಿತಿ ಹುಟ್ಟುವುದಿಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಹುಟ್ಟುವುದಿಲ್ಲ, ಒಪ್ಪಿದೆ. ಆದರೆ ಮೊಮ್ಮಗನ ಲೈನು ತನ್ನ ಪಾಲಿನ ರಿಯಾಯಿತಿ ಮುಟ್ಟದೆ ಸ್ಮಾರ್ಟ್‌ಫೋನಿನ ಪೂರ್ತಿ ದರವನ್ನು ತಿಂಗಳು ತಿಂಗಳೂ ತೆರುತ್ತಲೇ ಇತ್ತಲ್ಲ! ಮನೆಯವರು ಎಡಗೈಯಲ್ಲಿ ಕೊಟ್ಟದ್ದನ್ನು ಬಲಗೈಯಲ್ಲಿ ಪಡೆದರು, ಅಷ್ಟೇ. ಕರಾರಿನ ಸಣ್ಣಕ್ಷರಗಳನ್ನು ಓದಿ ಲಾಭ ಮಾಡಿಕೊಳ್ಳುವುದು ವ್ಯಾಪಾರವೆಂದಾದರೆ, ಅದರ ಗುತ್ತಿಗೆ ಕಂಪನಿಗಳಿಗೆ ಮಾತ್ರವೇ?

ತರಂಗಗಳು ಮಿತ, ಎಲ್ಲರೂ ಮನಬಂದಂತೆ ಬಳಸಿದರೆ ಟವರ್ ತಡೆಯುವುದಿಲ್ಲ ಎಂಬುದು ತಮ್ಮ ಪರವಾಗಿ ಹೇಳಬಹುದಾದ ಗಟ್ಟಿ ಮಾತು. ಅದು ಸುಳ್ಳಲ್ಲ. ಆದರೆ ಟವರಿಗೆ ಭಾರವಾಗುವುದು ಯಾವ ಹೊತ್ತಿನಲ್ಲಿ ಎಷ್ಟು ಜನ ಒಟ್ಟಿಗೆ ವಿಡಿಯೋ ನೋಡುತ್ತಾರೆಂಬುದು. ಅವರ ಫೋನಿನ ರಸೀದಿಯಲ್ಲಿ 199 ಇದೆಯೋ 649 ಇದೆಯೋ ಎಂಬುದಲ್ಲ. ಪೂರ್ತಿ ಬೆಲೆ ತೆತ್ತವರ ಯೂಟ್ಯೂಬ್ ಆಕಾಶದಲ್ಲಿ ಕಡಿಮೆ ಜಾಗ ಹಿಡಿಯುತ್ತದೆಂದು ತಮ್ಮ ಎಂಜಿನಿಯರುಗಳು ಕಂಡುಹಿಡಿದಿದ್ದರೆ ಅದನ್ನು ಪ್ರಕಟಿಸದಿರುವುದು ವಿಜ್ಞಾನಕ್ಕೆ ದ್ರೋಹ. ಅತಿಯಾಗಿ ಬಳಸುವವರೇ ಸಮಸ್ಯೆಯಾಗಿದ್ದರೆ ಅವರನ್ನು ನೇರವಾಗಿ ಹಿಡಿಯಬಹುದಿತ್ತು; 2016ರಲ್ಲಿ ತಿಂಗಳಿಗೆ 100 ಜಿಬಿ ದಾಟುತ್ತಿದ್ದವರಿಗೆ ಪ್ಲಾನ್ ಬದಲಿಸಿ ಎಂದು ಗಡುವು ಕೊಟ್ಟು ತಾವೇ ಅದನ್ನು ಮಾಡಿಯೂ ತೋರಿಸಿದಿರಿ. ಮರುವರ್ಷದ ಫೆಬ್ರುವರಿಯಲ್ಲಿ, ತಮ್ಮ ಪ್ರತಿಸ್ಪರ್ಧಿಗಳಾದ ಟಿ-ಮೊಬೈಲ್ ಮತ್ತು ಸ್ಪ್ರಿಂಟ್ ಅನ್‌ಲಿಮಿಟೆಡ್ ಹಿಡಿದು ಮಾರುಕಟ್ಟೆಯಲ್ಲಿ ನಿಂತಿದ್ದಾಗ, ಅಸಾಧ್ಯವಾಗಿದ್ದ ಅದೇ ಸರಕು ತಮ್ಮ ಅಂಗಡಿಗೂ ಮರಳಿತು: ಒಂದು ಲೈನಿಗೆ 80 ಡಾಲರ್, 22 ಜಿಬಿ ದಾಟಿದ ಮೇಲೆ ದಟ್ಟಣೆಯಿದ್ದರೆ ವೇಗ ತಗ್ಗಬಹುದೆಂಬ ಟಿಪ್ಪಣಿಯೊಡನೆ. ಟವರಿನ ದಟ್ಟಣೆಗೂ ಡೇಟಾಕ್ಕೂ ಸಂಬಂಧ ಕಲ್ಪಿಸಿದ ಆ ಟಿಪ್ಪಣಿಯನ್ನು 2012ರಲ್ಲೇ ಬರೆದಿದ್ದರೆ ಯಾರ ಅಜ್ಜಿಯೂ ಐಫೋನ್ ಕೊಳ್ಳಬೇಕಿರಲಿಲ್ಲ.

ಕೊನೆಯದಾಗಿ ಒಂದು ಬಿನ್ನಹ. ಆಗ 649 ತೆತ್ತವರಿಗೆ 450 ಡಾಲರ್ ವಾಪಸು ಮಾಡುವ ಯೋಚನೆಯೇನಾದರೂ ಇದ್ದರೆ ಅರ್ಜಿ ನಮೂನೆ ಕಳಿಸಿಕೊಡಿ. ಅದಕ್ಕೂ ಸೇವಾಶುಲ್ಕವಿದ್ದರೆ ಬಿಲ್ಲಿನ ಕೊನೆಯ ಪುಟದಲ್ಲಿ ಸೇರಿಸಿಬಿಡಿ. ಅಲ್ಲಿಯವರೆಗೆ ಹೇಗೂ ಯಾರೂ ಓದುವುದಿಲ್ಲ.

ಇತಿ ತಮ್ಮ ವಿಧೇಯ,
ಸಣ್ಣಕ್ಷರಗಳ ಓದುಗ