ಶಿವರಾತ್ರಿವರೆಗಿನ ಸವಾರ

ದೀಪಾವಳಿ ಮುಗಿದ ಮೂರನೇ ದಿನಕ್ಕೆ ಉರಿಗಾಂನ ನಮ್ಮ ಬೀದಿಯಲ್ಲಿ ಇನ್ನೊಂದು ಪಟಾಕಿ ಶುರುವಾಗುತ್ತದೆ. ಅದು ಶಿವರಾತ್ರಿವರೆಗೂ ನಿಲ್ಲುವುದಿಲ್ಲ. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಮೊದಲು ಒಂದು ಕೆಮ್ಮು, ಆಮೇಲೆ ಒಂದು ಒದೆ, ಮತ್ತೆ ಕೆಮ್ಮು. ಕೆಮ್ಮುವುದು ಒಂದು ಸಲ ಗಾಡಿ, ಇನ್ನೊಂದು ಸಲ ಗಾಡಿಯ ಯಜಮಾನರು. ಯಾವ ಕೆಮ್ಮು ಯಾರದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವರು ಬೀದಿಯಲ್ಲಿ ಇಬ್ಬರೇ. ಒಬ್ಬರು ಅವರ ಹೆಂಡತಿ. ಇನ್ನೊಬ್ಬ ಎದುರುಮನೆಯ ನಾನು. ಬೆಂಗಳೂರಿನ ರೈಲು ಹಿಡಿಯಲು ನಾನೂ ಅದೇ ಹೊತ್ತಿಗೆ ಎದ್ದು ಬಚ್ಚಲೊಲೆಯ ಮುಂದೆ ಕೂತಿರುತ್ತೇನೆ.

ಬೀದಿಯ ಮಕ್ಕಳು ಅವರಿಗಿಟ್ಟ ಹೆಸರು ಯೆಜ್ಡಿ ತಾತ. "ತಾತಾ, ವಂಡಿ ಸ್ಟಾರ್ಟ್ ಆಗಲಿಯಾ?" ಎಂದು ಟ್ಯೂಷನ್ನಿಗೆ ಹೊರಟ ಹುಡುಗರು ತಮಿಳಿನಲ್ಲಿ ಕರುಣೆ ತೋರಿದರೆ, ತಾತ ಕನ್ನಡದಲ್ಲಿ ಸಿಡುಕುತ್ತಾರೆ: "ತಾತ ಯಾರೋ? ಅಂಕಲ್ ಅನ್ನು!" ಇಬ್ಬರು ಮೊಮ್ಮಕ್ಕಳಿದ್ದಾರೆ, ಮಂಡಿನೋವಿದೆ, ಬಿ.ಪಿ. ಮಾತ್ರೆಯ ಡಬ್ಬಿಯಿದೆ. ಆದರೂ ಹೆಲ್ಮೆಟ್ ಹಾಕಿಕೊಂಡ ಮೇಲೆ ಅವರು ಅಂಕಲ್.

ಇಂಥವರು ನಿಮ್ಮ ಊರಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಪೆನ್ಷನ್ ಬಂದ ಮೇಲೆ ಕೆಲವರಿಗೆ ಭಕ್ತಿ ಬರುತ್ತದೆ, ಕೆಲವರಿಗೆ ಸೈಟು ಮಾರುವ ಬುದ್ಧಿ ಬರುತ್ತದೆ. ಇವರಿಗೆ ಬೈಕು ಬರುತ್ತದೆ. ಆದರೆ ನಮ್ಮ ತಾತನಿಗೆ ಅದು ಹೊಸದಾಗಿ ಬಂದದ್ದಲ್ಲ, ಮನೆಯಲ್ಲೇ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಲ ಮಾಡಿ ಕೊಂಡ ಯೆಜ್ಡಿ ಅದು. ಕೊಂಡದ್ದೇನೋ ದೇಶ ಸುತ್ತಲಿಕ್ಕೆ. ಓಡಿದ್ದು ಮಾತ್ರ ಮನೆಯಿಂದ ಉರಿಗಾಂ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ. ಒಂದೂವರೆ ಕಿಲೋಮೀಟರಿನ ಆ ದಾರಿಯಲ್ಲೇ ಪಾಪ ಅದರ ಯೌವನವೆಲ್ಲ ಸವೆಯಿತು. ಈಗಲೂ ವೃತ್ತದ ಹತ್ತಿರ ಹ್ಯಾಂಡಲ್ ಸ್ವಲ್ಪ ಸಡಿಲ ಬಿಟ್ಟರೆ ಜಟಕಾ ಕುದುರೆಯ ಹಾಗೆ ತಾನಾಗಿಯೇ ಸ್ಟೇಷನ್ ಕಡೆ ತಿರುಗುತ್ತದೆಂದು ತಾತ ಆಣೆ ಮಾಡಿ ಹೇಳುತ್ತಾರೆ.

ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ. ಈ ಹೆಸರುಗಳು ನಮ್ಮ ಕಡೆಯವರಿಗೆ ಸಹಸ್ರನಾಮವಿದ್ದಂತೆ, ನಿದ್ದೆಯಲ್ಲೂ ಬಾಯಿಗೆ ಬರುತ್ತವೆ. ಇಲ್ಲಿನ ಚಿನ್ನದ ಗಣಿ ಬಡವಾಗುತ್ತ ಬಂದಂತೆ ಊರಿಗೆ ಊರೇ ಬೆಂಗಳೂರಿನ ರೈಲು ಹತ್ತಿತು. ತಾತನೂ ಮೂವತ್ತು ವರ್ಷ ಹತ್ತಿದರು. ಅವರು ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದವರು. ರಿಟೈರಾದ ವಾರದಲ್ಲೇ ಕೂತು ಕೊನೆಯ ಲೆಕ್ಕ ಬರೆದರು. ಹೋಗಿ ಬರಲು ದಿನಕ್ಕೆ ಹೆಚ್ಚುಕಡಿಮೆ 160 ಕಿಲೋಮೀಟರ್, ವರ್ಷಕ್ಕೆ 280 ದಿನ, ಒಟ್ಟು 30 ವರ್ಷ. 13,44,000 ಕಿಲೋಮೀಟರ್ ಆಯಿತು. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ.

"ಅಂದ್ರೆ ಚಂದ್ರನಿಗೆ ಒಂದ್ಸಲ ಹೋಗಿ ಬಂದೆ. ಇನ್ನೊಂದ್ಸಲ ಹೋಗಿ, ವಾಪಸ್ ಬರೋವಾಗ ಅರ್ಧ ದಾರೀಲಿ ಸಿಗ್ನಲ್ ಸಿಗದೆ ನಿಂತಿದ್ದೆ ಕಣಯ್ಯಾ, ಬೈಯಪ್ಪನಹಳ್ಳಿ ಔಟರ್ ಥರ. ಅಷ್ಟರಲ್ಲಿ ರಿಟೈರ್ ಮಾಡಿ ಅಲ್ಲೇ ಇಳಿಸಿಬಿಟ್ರು" ಎಂದು ನಗುತ್ತಾರೆ.

ರಿಟೈರಾದ ಮೊದಲ ವರ್ಷ ತಾತನನ್ನು ನೋಡಲಾಗುತ್ತಿರಲಿಲ್ಲ. ನಾಲ್ಕೂವರೆಗೆ ಎಚ್ಚರ ತಾನಾಗಿ ಆಗುತ್ತಿತ್ತು. ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಜಗಲಿಗೆ ಬಂದು ನಿಲ್ಲುವರು. ಎಲ್ಲಿಗೂ ಹೋಗುವುದಿರಲಿಲ್ಲ. ದೂರದಲ್ಲಿ ರೈಲಿನ ಸದ್ದು ಕೇಳಿದರೆ ಗಡಿಯಾರ ನೋಡಿ, "ನಮ್ಮ ರೈಲು ಇವತ್ತು ಐದು ನಿಮಿಷ ಲೇಟು" ಎಂದು ಒಳಗೆ ಹೋಗಿ ಹೆಂಡತಿಗೆ ವರದಿ ಒಪ್ಪಿಸುವರು. ಎರಡನೇ ವರ್ಷ, "ಏನ್ರೀ, ಆ ಹಳೇ ಗಾಡೀನಾದ್ರೂ ಗುಜರಿಗೆ ಹಾಕಿ ಬನ್ನಿ" ಎಂದು ಆಕೆ ಕಳಿಸಿದರು. ಗಾಡಿ ತಳ್ಳಿಕೊಂಡು ಗುಜರಿಗೆಂದು ಹೋದವರು ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ಕಿನ ಹತ್ತಿರದಿಂದ ಅದನ್ನು ಓಡಿಸಿಕೊಂಡು ಬಂದರು. ಆತ ಮೈನ್ಸ್ ವರ್ಕ್‌ಶಾಪಿನಲ್ಲಿ ಪಳಗಿದ ಕೈ. ಸಿಗದ ಬಿಡಿಭಾಗವನ್ನು ಲೇತ್ ಮೇಲೆ ತಾನೇ ಕಡೆದು ಕೂರಿಸುತ್ತಾನೆ.

ಬಿಡಿಭಾಗ ಸಿಗದಿರಲು ಕಾರಣವೂ ಇದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕಣ್ಣು ಬಿಟ್ಟು 1996ರಲ್ಲಿ ಮುಚ್ಚಿತು. ತಾತನ ಅಪ್ಪ ದುಡಿದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. "ಇಬ್ಬರಿಗೂ ತವರುಮನೆ ಇಲ್ಲ ಕಣಯ್ಯಾ. ಅದಕ್ಕೇ ಹೊಂದ್ಕೊಂಡಿದೀವಿ" ಎನ್ನುತ್ತ ತಾತ ಪೆಟ್ರೋಲ್ ಟ್ಯಾಂಕಿನ ಬೆನ್ನು ಸವರುತ್ತಾರೆ. ಯಾವನಾದರೂ ಹೊಸ ಹುಡುಗ "ಕಿಕ್ಕರ್ ಎಲ್ಲಿದೆ ಅಂಕಲ್?" ಎಂದು ಕೇಳಿದರೆ ಅವತ್ತು ಅವರಿಗೆ ಹಬ್ಬ. ಗೇರಿನ ಕಡ್ಡಿಯನ್ನೇ ಒಳಗೊತ್ತಿ ಮೇಲಕ್ಕೆತ್ತಿ, "ಇದೇ ಕಿಕ್ಕರ್, ಇದೇ ಗೇರು. ಆಗಿನ ಕಾಲದವರು ಒಂದೇ ಸಂಬಳಕ್ಕೆ ಎರಡು ಕೆಲಸ ಮಾಡ್ತಿದ್ರು" ಎಂದು ಪಾಠ ಹೇಳುತ್ತಾರೆ.

ಸವಾರಿ ಚಳಿಗಾಲದಲ್ಲೇ ಏಕೆ? ಅದಕ್ಕೂ ಲೆಕ್ಕವಿದೆ. ಬೇಸಿಗೆಯಲ್ಲಿ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡದ ಧೂಳು ಕಣ್ಣಿಗೆ ಬರುತ್ತದೆ. ಮಳೆಗಾಲದಲ್ಲಿ ಪ್ಲಗ್ಗಿಗೆ ನೀರು ಬರುತ್ತದೆ. ಚಳಿಗಾಲದಲ್ಲಾದರೆ ಬರುವುದು ಶೀತ ಮಾತ್ರ, ಅದೂ ತಮಗೆ, ಗಾಡಿಗಲ್ಲ. ಇದರ ಹಿಂದೆ ಇನ್ನೊಂದು ಮಾತಿದೆ, ಅದನ್ನು ಅವರು ಒಮ್ಮೆ ಮಾತ್ರ ಹೇಳಿದರು. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿಯುತ್ತಿದ್ದವರು. ಆ ಗಣಿ ಮೂರು ಕಿಲೋಮೀಟರಿಗೂ ಆಳ. ತಳದ ಬಂಡೆ ಅರುವತ್ತು ಡಿಗ್ರಿ ಮೀರಿ ಸುಡುತ್ತಿತ್ತು. ಮೇಲೆ ಬಂದವರು ಡಿಸೆಂಬರಿನ ಗಾಳಿಗೆ ಎದೆಯೊಡ್ಡಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರಂತೆ. "ನಮ್ಮಪ್ಪ ಚಳೀನ ಸಂಬಳದ ಥರ ಎಣಿಸಿ ತಗೋತಿದ್ರು. ನಾನು ಮೂವತ್ತು ವರ್ಷ ಕಿಟಕಿ ಶಟರ್ ಇಳಿಸ್ಕೊಂಡು ಕೂತಿದ್ದೆ."

ಎದೆಯೊಡ್ಡುವ ಮಾತು ಹೇಳಿದವರ ವೇಷವನ್ನು ನೋಡಬೇಕು. ಬನಿಯನ್ನಿನ ಮೇಲೆ ಹಿಂದಿನ ದಿನದ ಪೇಪರು, ಗಾಳಿ ತಡೆಯಲು. ಅದರ ಮೇಲೆ ಹೆಂಡತಿ ಮದುವೆಯ ಹೊಸದರಲ್ಲಿ ಹೆಣೆದ ಸ್ವೆಟರು, ಅದರ ಮೇಲೆ ಮಗ ಕಳಿಸಿದ ಸ್ವೆಟರು. ಬೀಳ್ಕೊಡುಗೆಯಲ್ಲಿ ಹೊದಿಸಿದ ಸನ್ಮಾನದ ಶಾಲು ಕುತ್ತಿಗೆಗೆ. ಎಲ್ಲವನ್ನೂ ಮುಚ್ಚಲು ರೇನ್‌ಕೋಟು. ತಲೆಗೆ ಮಂಕಿ ಟೋಪಿ, ಟೋಪಿಯ ಮೇಲೆ ಕೂರಲೆಂದೇ ಒಂದು ಸೈಜು ದೊಡ್ಡದು ಕೊಂಡ ಹೆಲ್ಮೆಟ್ಟು. ಇಷ್ಟಾದ ಮೇಲೆ ಕಾಲೆತ್ತಿ ಗಾಡಿ ಹತ್ತಲಾಗುವುದಿಲ್ಲ. ಹೆಂಡತಿ ಜಗಲಿಯ ಮೆಟ್ಟಿಲಿಗೆ ಗಾಡಿ ಒರಗಿಸಿ, "ಹತ್ತಿ" ಎನ್ನುತ್ತಾರೆ. ಮದುಮಗನನ್ನು ಕುದುರೆ ಏರಿಸಿದಂತೆ ಅದೊಂದು ಶಾಸ್ತ್ರ.

"ಈ ವಯಸ್ನಲ್ಲಿ ಇದೆಲ್ಲ ಬೇಕಾ?" ಎಂದು ಯಾರಾದರೂ ಕೇಳಿದರೆ ತಾತನ ಉತ್ತರ ಸಿದ್ಧ. "ಲ್ಯಾವೆಲ್ ಸಾಹೇಬ ಏನ್ ಹುಡುಗನಾ?" ಮೈಕೆಲ್ ಲ್ಯಾವೆಲ್ ಐರ್ಲೆಂಡಿನ ಸೈನಿಕ. ನ್ಯೂಜಿಲೆಂಡಿನಲ್ಲಿ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ಆರಾಮಾಗಿ ಇರಬಹುದಾಗಿದ್ದವನು, 1804ರಲ್ಲಿ ವಾರನ್ ಎಂಬ ಅಧಿಕಾರಿ ಬರೆದ ವರದಿ ಓದಿ 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಚಿನ್ನ ಹುಡುಕಲು ನಮ್ಮ ಕಡೆ ಬಂದ. ತಾತನ ಪ್ರಕಾರ ಈ ಸೀಮೆಯಲ್ಲಿ ರಿಟೈರಾದ ಮೇಲೆ ತಿರುಗಾಟಕ್ಕೆ ಬಿದ್ದ ಮೊದಲನೆಯವನು ಅವನು. ಎರಡನೆಯವರು ಯಾರೆಂದು ಬೇರೆ ಹೇಳಬೇಕಿಲ್ಲ.

"ಅವನಿಗೆ ಚಿನ್ನ ಸಿಕ್ತು. ನಿಮಗೆ ಸಿಕ್ಕಿದ್ದು ನೆಗಡಿ" ಎಂಬ ಮಾತು ಅಡುಗೆಮನೆಯಿಂದ ಬರುತ್ತದೆ.

"ಅವನಿಗೂ ಸಿಗಲಿಲ್ಲ ಕಣೇ! ಲೈಸೆನ್ಸು ಬೇರೆಯವರಿಗೆ ಕೊಟ್ಟು ಎದ್ದು ಹೋದ. ಬಾಚ್ಕೊಂಡಿದ್ದು ಆಮೇಲೆ 1880ರಲ್ಲಿ ಬಂದ ಟೇಲರ್ ಕಂಪನಿ."

"ಹಂಗಾದ್ರೆ ನೀವೂ ಲೈಸೆನ್ಸು ಬೇರೆಯವರಿಗೆ ಕೊಟ್ಟುಬಿಡಿ."

ಒಂದು ಭಾನುವಾರ ನಾನೂ ಹಿಂದೆ ಕೂತೆ. ಬೇತಮಂಗಲದ ಮೇಲೆ ಆವಣಿಗೆ ಎಂದು ಕಾರ್ಯಕ್ರಮ. ಅಲೆದಾಟವೆಂದರೆ ಗೊತ್ತುಗುರಿಯಿಲ್ಲದೆ ಹೋಗುವುದು ಎಂದುಕೊಂಡಿದ್ದೆ. ತಾತ ಟೈಮ್‌ಟೇಬಲ್ ತೆಗೆದರು. ಬೇತಮಂಗಲ 6.10, ಎಂಟು ನಿಮಿಷ ನಿಲುಗಡೆ, ಟೀ. ಆವಣಿ 7.05. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದರೆ "ಕ್ರಾಸಿಂಗ್" ಎಂದು ಕೂಗುತ್ತಾರೆ. ಊರು ಹತ್ತಿರವಾದರೆ "ಔಟರ್ ಬಂತು" ಎನ್ನುತ್ತಾರೆ. ಮೂವತ್ತು ವರ್ಷ ರೈಲಿನಲ್ಲಿ ಕೂತ ಮನುಷ್ಯ ರೈಲಿನಿಂದ ಇಳಿದರೂ ರೈಲು ಅವರಿಂದ ಇಳಿದಿರಲಿಲ್ಲ.

ಬೇತಮಂಗಲದ ಕೆರೆ ಏರಿಯ ಮೇಲೆ ಗಾಡಿ ನಿಂತಿತು. ಪಾಲಾರ್ ನದಿಗೆ ಕಟ್ಟಿದ ಆ ಕೆರೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಆಚೆ ದಡ ಕಾಣದು. ಎಲ್ಲೋ ಮಧ್ಯದಲ್ಲಿ ನೀರುಕಾಗೆಯೊಂದು ಮುಳುಗಿ ಎದ್ದಿತು. ತಾತ ಟೀ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತರು. ಕನ್ನಡಕದ ಮೇಲೆ ಹಬೆ.

"ಹುಟ್ಟಿದಾಗಿಂದ ಈ ಕೆರೆ ನೀರು ಕುಡಿದೋನು ನಾನು. ಗಣಿಗೆ, ಊರಿಗೆ ಎಲ್ಲಾ ಇಲ್ಲಿಂದಲೇ ಪೈಪು. ಕೆರೆ ಹೆಂಗಿದೆ ಅಂತ ನೋಡಿದ್ದು ಅರುವತ್ತಾದ ಮೇಲೆ."

ನಾನೂ ಅದೇ ನೀರು ಕುಡಿದವನು. ನಾನೂ ಅಷ್ಟು ಬೆಳಿಗ್ಗೆ ಅಲ್ಲಿ ನಿಂತದ್ದು ಅದೇ ಮೊದಲು. ಏನು ಹೇಳಲೂ ತೋಚಲಿಲ್ಲ. ಅವರೇ ಗಡಿಯಾರ ನೋಡಿ, "ಎಂಟು ನಿಮಿಷ ಆಯ್ತು, ಹತ್ತು" ಎಂದರು.

ಮುಂದೆ ಹಳ್ಳಿಯೊಂದರ ಹತ್ತಿರ ಡಾಂಬರು ರಸ್ತೆಯೇ ಕಣವಾಗಿತ್ತು. ಓಡಾಡುವ ಗಾಡಿಗಳು ತುಳಿದುಕೊಡಲಿ ಎಂದು ಹುರುಳಿ ಹರಡಿದ್ದರು. ತಾತನಿಗೆ ಪರೋಪಕಾರದ ಹುಮ್ಮಸ್ಸು. "ರೈತನಿಗೆ ನಮ್ಮ ಕೈಲಾದ್ದು ಮಾಡಬೇಕಯ್ಯಾ" ಎಂದು ಪಕ್ಕದಲ್ಲಿ ದಾರಿಯಿದ್ದರೂ ಹುರುಳಿಯ ನಡುಮಧ್ಯಕ್ಕೆ ನುಗ್ಗಿಸಿದರು. ಹುರುಳಿ ಕಾಳಿನ ಮೇಲೆ ಚಕ್ರ ಓಡುವುದಿಲ್ಲ, ಜಾರುತ್ತದೆ. ಗಾಡಿ ನಿಧಾನವಾಗಿ, ಮುದುಕರು ಚಾಪೆಯ ಮೇಲೆ ಮಲಗುವ ಹಾಗೆ, ಎಡಕ್ಕೆ ಒರಗಿತು. ನಾವೂ ಸೊಪ್ಪೆಯ ಮೇಲೆ ಒರಗಿದೆವು. ತಾತನಿಗೆ ಒಂದು ಗೀರೂ ಆಗಲಿಲ್ಲ, ಅಷ್ಟೊಂದು ಸ್ವೆಟರುಗಳ ಒಳಗೆ ಅವರು ಎಲ್ಲಿದ್ದರೋ! ಕಣದ ಅಜ್ಜಿ ಓಡಿ ಬಂದು ಮೊದಲು ಹುರುಳಿ ನೋಡಿ, ಆಮೇಲೆ ನಮ್ಮನ್ನು ನೋಡಿ, "ಏವೂರು ಸಾಮೀ?" ಎಂದು ತೆಲುಗಿನಲ್ಲಿ ಕೇಳಿದಳು. ಉರಿಗಾಂ ಎಂದ ಕೂಡಲೇ ಕನ್ನಡಕ್ಕೆ ಹೊರಳಿದಳು. "ಸರಿಹೋಯ್ತು. ನಿಮ್ಮ ಗಾಡೀಲಿ ಏನ್ ಕಾಳು ಉದುರ್ತದೆ? ಪಕ್ಕಕ್ಕಿಕ್ಕಿ, ಲಾರಿ ಬರ್ಲಿ."

ಆವಣಿಗೆ 7.50ಕ್ಕೆ ತಲುಪಿದೆವು. ತಾತ ಪುಸ್ತಕ ತೆಗೆದು "45 ನಿಮಿಷ ಲೇಟು. ಕಾರಣ: ಹುರುಳಿ" ಎಂದು ಬರೆದುಕೊಂಡ ಮೇಲೆಯೇ ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಯೊಳಗೆ ಕಾಲಿಟ್ಟರು. ಸೀತೆ ಲವಕುಶರನ್ನು ಹೆತ್ತಳೆಂದು ಜನ ನಂಬುವ ಬೆಟ್ಟವನ್ನು ಕೆಳಗಿನಿಂದಲೇ ನೋಡಿ, ಮಂಡಿ ಮುಟ್ಟಿಕೊಂಡು, "ಅದು ಮುಂದಿನ ಚಳಿಗಾಲದ ಕಾರ್ಯಕ್ರಮ" ಎಂದು ಮುಂದೂಡಿದರು.

ಬರುವಾಗ ಕೈಚೀಲದ ತುಂಬ ಅವರೆಕಾಯಿ. ಹೊಲದ ಬದಿಯಲ್ಲೇ ಕೊಂಡದ್ದು, ಪೇಟೆಗಿಂತ ಕಿಲೋಗೆ ಹತ್ತು ರೂಪಾಯಿ ಕಡಿಮೆ, ಸೊಗಡು ಎಂದರೆ ಸೊಗಡು. ಮನೆಯಲ್ಲಿ ಹೆಂಡತಿ ಲೆಕ್ಕ ಬಿಚ್ಚಿದರು. ಎರಡು ಕಿಲೋಗೆ ಉಳಿದದ್ದು ಇಪ್ಪತ್ತು ರೂಪಾಯಿ, ಪೆಟ್ರೋಲು ಮತ್ತು ಅದಕ್ಕೆ ಬೆರೆಸುವ ಆಯಿಲಿಗೆ ಹೋದದ್ದು ಇನ್ನೂರೈವತ್ತು. ಲೆಕ್ಕಪತ್ರ ವಿಭಾಗದ ಮಾಜಿ ನೌಕರರು ಈ ವಿಷಯದಲ್ಲಿ ಮಾತ್ರ ಆಕ್ಷೇಪಣೆಗೆ ಉತ್ತರ ಕೊಡುವುದಿಲ್ಲ. ಕೂತು ಅವರೆ ಸುಲಿಯುತ್ತಾರೆ. ಸಾಯಂಕಾಲ ಎದುರುಮನೆಯಿಂದ ಹಿತಕಿದ ಬೇಳೆ ಸಾರು ನಮ್ಮ ಮನೆಗೂ ಒಂದು ಬಟ್ಟಲು ಬಂದಾಗ, ಆ ಇನ್ನೂರೈವತ್ತು ದುಂದು ಎಂದು ನನಗೂ ಅನಿಸಲಿಲ್ಲ.

ವೈಟ್‌ಫೀಲ್ಡಿನಲ್ಲಿರುವ ಮಗನಿಗೆ ಅಪ್ಪನ ಹುಚ್ಚು ಅರ್ಥವಾಗಿದೆ, ಅಳತೆ ಅರ್ಥವಾಗಿಲ್ಲ. "ಅಪ್ಪಾ, ಲಡಾಖ್‌ಗೆ ಹೋಗೋಣ. ಅಲ್ಲಿ ಬೈಕು ಬಾಡಿಗೆಗೆ ಸಿಗುತ್ತೆ" ಎಂದು ಫೋನು ಮಾಡಿದ. ತಾತ ಗಂಭೀರವಾಗಿ ಯೋಚಿಸಿ ಹೇಳಿದರು: "ಲಡಾಖ್ ಎಲ್ಲೂ ಓಡಿಹೋಗಲ್ಲ ಕಣೋ. ನಾನಿನ್ನೂ ಕಾಮಸಮುದ್ರ ಮುಗಿಸಿಲ್ಲ." ಕಾಮಸಮುದ್ರ ಬಾಕಿ ಉಳಿದಿರುವುದು ಆನೆಗಳಿಂದ. ಆ ಕಡೆ ಆನೆ ಇಳಿದಿದೆ ಎಂಬ ಸುದ್ದಿ ಬಂದಾಗಲೆಲ್ಲ ತಾತ ಆ ಭಾನುವಾರ ಬೂದಿಕೋಟೆಗೆ ಹೋಗಿ, ಹೈದರಾಲಿ ಹುಟ್ಟಿದ ಊರನ್ನು ಮತ್ತೊಮ್ಮೆ ನೋಡಿಕೊಂಡು ಬರುತ್ತಾರೆ. ಹೀಗೆ ನಾಲ್ಕು ಸಲ ನೋಡಿದ್ದಾರೆ. ಟೇಕಲ್ಲಿನ ಬಂಡೆ ಬೆಟ್ಟಗಳನ್ನೂ ನೋಡಿ ಬಂದರು. "ಅಷ್ಟು ದೊಡ್ಡ ಬಂಡೆಗಳು ಕಣಯ್ಯಾ! ದಿನಾ ಎರಡು ಸಲ ಪಕ್ಕದಲ್ಲೇ ಹೋಗ್ತಿದ್ದೆ. ಬೆಳಿಗ್ಗೆ ನಿದ್ದೆ, ಸಾಯಂಕಾಲ ಇಸ್ಪೀಟು."

ಆವಣಿಗೆ ಹೋಗಿ ಬಂದ ಮರುದಿನ ಸೋಮವಾರ ನಾನು ಎಂದಿನಂತೆ ರೈಲಿನಲ್ಲಿದ್ದೆ. ಪಕ್ಕದವನ ತಲೆ ಎಂದಿನಂತೆ ನನ್ನ ಹೆಗಲ ಮೇಲಿತ್ತು. ಕೋರಮಂಡಲ್ ದಾಟಿದ ಮೇಲೆ ಏಕೋ ಶಟರ್ ಎತ್ತಿದೆ. ಚಳಿ ಮುಖಕ್ಕೆ ಹೊಡೆಯಿತು, ಎದುರುಸೀಟಿನವರು ಬೈದರು. ರೈಲ್ವೆ ಗೇಟಿನ ಆಚೆ ಮಂಜಿನಲ್ಲಿ ಒಂದು ಹಳದಿ ದೀಪ ನಡುಗುತ್ತಿತ್ತು. ಅದರ ಹಿಂದೆ ರೇನ್‌ಕೋಟು ತೊಟ್ಟ ದೊಡ್ಡದೊಂದು ಮೂಟೆ, ಮೂಟೆಯಿಂದ ಹೊರಬಂದ ಒಂದು ಕೈ, ಕೈಯಲ್ಲಿ ಗಡಿಯಾರ. ನಾನು ಕೈ ಬೀಸಿದೆ. ಕಂಡಿತೋ ಇಲ್ಲವೋ.

ರಾತ್ರಿ ಎಂಟೂವರೆಗೆ ಮನೆ ಮುಟ್ಟಿದಾಗ ತಾತ ಜಗಲಿಯಲ್ಲಿ ಕೂತು ಪ್ಲಗ್ಗು ಉಜ್ಜುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಬೆಳಿಗ್ಗೆ ನಿಮ್ಮ ರೈಲು ಏಳು ನಿಮಿಷ ಲೇಟಿತ್ತಲ್ಲಯ್ಯಾ."