ಕವರ್ ರಾಯರು

ಬೆಳಗ್ಗೆ ಆರೂಕಾಲಿಗೆ ಸ್ಕೂಟರ್ ಹೊರಡುತ್ತದೆ. ಮುಂದಿನ ಕೊಕ್ಕೆಗೆ ಎರಡು ಚೀಲ. ಹಾಲಿಗೆಂದು ಒಂದು ಖಾಲಿ ಬಟ್ಟೆ ಚೀಲ, ಅದರ ಪಕ್ಕ ಬಿಗಿಯಾಗಿ ಎರಡು ಗಂಟು ಹಾಕಿದ ಕಪ್ಪು ಕವರು. ಹಾಲಿನ ಬೂತ್ ಇರುವುದು ಮನೆಯ ಎಡಕ್ಕೆ, ರಾಯರು ತಿರುಗುವುದು ಬಲಕ್ಕೆ. ಬಲಕ್ಕೆ ಏನಿದೆ ಎಂದು ಕೇಳಬೇಡಿ. ಒಂದು ಖಾಲಿ ಸೈಟಿದೆ, ಪಕ್ಕದಲ್ಲಿ ಮೋರಿ, ಮೋರಿಯ ಮೇಲೊಂದು ಟ್ರಾನ್ಸ್‌ಫಾರ್ಮರ್.

ರಾಯರೆಂದು ಕರೆದದ್ದು ನನ್ನ ಅನುಕೂಲಕ್ಕೆ. ಇವರು ಬನಶಂಕರಿಯಲ್ಲೂ ಇದ್ದಾರೆ, ಬಾಣಸವಾಡಿಯಲ್ಲೂ ಇದ್ದಾರೆ. ಕೆಲವರು ಪಂಚೆ ಉಡುತ್ತಾರೆ, ಕೆಲವರು ಜೀನ್ಸ್ ಹಾಕುತ್ತಾರೆ, ಅನುಕೂಲಸ್ಥರು ಕಾರಿನ ಗಾಜು ಇಳಿಸುತ್ತಾರೆ.

ಗಲೀಜು ಮನುಷ್ಯ ಅಂದುಕೊಂಡೀರಿ. ಅವರಷ್ಟು ಚೊಕ್ಕಟ ಇನ್ನೊಬ್ಬರಿಲ್ಲ. ಅಂಗಳವನ್ನು ಕಾವೇರಿ ನೀರಿನಲ್ಲಿ ತೊಳೆಸುತ್ತಾರೆ. ರಾತ್ರಿಯ ಸಿಪ್ಪೆ, ಸೊಪ್ಪಿನ ದಂಟು ಮನೆಯೊಳಗೇ ಉಳಿದರೆ ನಿದ್ದೆ ಹತ್ತುವುದಿಲ್ಲ. ಅವರ ಭೂಪಟದಲ್ಲಿರುವುದು ಎರಡೇ ದೇಶ, ಒಳಗೆ ಮತ್ತು ಆಚೆ. ಒಳಗಿನದಕ್ಕೆ ಅವರು ಹೊಣೆ, ಆಚೆಯದಕ್ಕೆ ಸರ್ಕಾರ.

“ಆಟೋ ಟಿಪ್ಪರ್ ಬರುತ್ತಲ್ಲ ಸಾರ್?”

“ಅದು ಬರೋದು ಒಂಬತ್ತಕ್ಕೆ. ಅಷ್ಟು ಹೊತ್ತು ಕಾಯ್ತಾ ಕೂರೋಕೆ ನಮಗೆ ಬೇರೆ ಕೆಲಸ ಇಲ್ವೇ?” ರಿಟೈರಾದ ಮೇಲೆ ಪೇಪರನ್ನು ಜಾಹೀರಾತು ಸಮೇತ ಎರಡು ಸಲ ಓದುವವರ ಮಾತಿದು.

ಕಾನೂನು ಗೊತ್ತಿಲ್ಲ ಎನ್ನುವ ಹಾಗೂ ಇಲ್ಲ. ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಹೈಕೋರ್ಟಿನ ಆದೇಶದಿಂದ ಬಂದದ್ದು 2015ರಲ್ಲಿ, ಕೇಂದ್ರದ ಘನತ್ಯಾಜ್ಯ ನಿಯಮ ಬಂದದ್ದು 2016ರಲ್ಲಿ ಎಂದು ಪಾರ್ಕಿನ ಬೆಂಚಿನ ಮೇಲೆ ಇಸವಿ ಸಮೇತ ಹೇಳುತ್ತಾರೆ. ಮಾವಳ್ಳಿಪುರದವರು, ಆಮೇಲೆ ಮಂಡೂರಿನವರು ನಮ್ಮೂರಿಗೆ ಬೆಂಗಳೂರಿನ ಕಸ ಬೇಡ ಎಂದು ತಿರುಗಿಬಿದ್ದಾಗ, “ಹಳ್ಳಿಯವರಿಗೆ ಸ್ವಲ್ಪ ಹೊಂದಿಕೊಂಡು ಹೋಗೋ ಗುಣ ಬೇಕಪ್ಪ” ಎಂದವರೂ ಇವರೇ. ಎದುರುಮನೆಯವರು ಇವರ ಕಾಂಪೌಂಡಿಗೆ ಒಂದು ಒಣ ತೆಂಗಿನ ಗರಿ ಒರಗಿಸಿಟ್ಟ ದಿನ ಮಾತ್ರ ಫೋಟೋ ಹಿಡಿದು, ಮೂರು ಕಡೆಗೆ ದೂರು ಕೊಟ್ಟರು.

ಆ ಖಾಲಿ ಸೈಟಿಗೆ ಪಾಲಿಕೆಯವರ ಲೆಕ್ಕದಲ್ಲಿ ಬ್ಲ್ಯಾಕ್ ಸ್ಪಾಟ್ ಎಂಬ ಬಿರುದಿದೆ. ಪೌರಕಾರ್ಮಿಕರು ಅಲ್ಲಿ ಗುಡಿಸಿ, ನೀರು ಹಾಕಿ, ಚೆಂದದ ರಂಗೋಲಿ ಬಿಟ್ಟರು. ರಾಯರು ಗಾಡಿ ನಿಲ್ಲಿಸಿ ಮೆಚ್ಚಿದರು, ರಂಗೋಲಿ ತುಳಿಯದಂತೆ ಆ ಕಡೆಯಿಂದ ಎಸೆದರು. ಯಾರೋ ಗೋಡೆಗೆ ಗಣಪತಿಯ ಟೈಲ್ಸ್ ಅಂಟಿಸಿದರು. ದೇವರ ಮುಂದೆ ಎಸೆಯುವುದುಂಟೇ? ಚಪ್ಪಲಿ ಕಳಚಿ, ಕೈಮುಗಿದು, ಹತ್ತು ಹೆಜ್ಜೆ ಮುಂದೆ ಹೋಗಿ ಎಸೆದರು. 2019ರಲ್ಲಿ ಮಿಲಿಟರಿಯಿಂದ ನಿವೃತ್ತರಾದವರನ್ನು ಮಾರ್ಷಲ್‌ಗಳೆಂದು ನೇಮಿಸಿದಾಗ ತುಸು ಕಷ್ಟವಾಯಿತು. ಆದರೆ ಮಾರ್ಷಲ್ ಎಷ್ಟು ಹೊತ್ತಿಗೆ ಟೀ ಕುಡಿಯಲು ಹೋಗುತ್ತಾರೆ ಎಂದು ಗೊತ್ತಾಗುವವರೆಗೆ ಮಾತ್ರ.

ನಿಜವಾದ ಪೇಚು ಶುರುವಾದದ್ದು, ಕವರು ಬಿಚ್ಚಿ ಒಳಗಿನ ವಿಳಾಸ ಹುಡುಕುತ್ತಾರೆಂಬ ಸುದ್ದಿ ಬಂದಾಗ. ಬಿಚ್ಚುವುದೆಂದರೆ ಪೌರಕಾರ್ಮಿಕ ಹೆಂಗಸೊಬ್ಬಳು ಕೂತು, ಒಡೆದ ಗಾಜು, ಮಾತ್ರೆಯ ಖಾಲಿ ಸ್ಟ್ರಿಪ್, ಡಯಾಪರ್, ಹಳಸಿದ ಸಾರು ಎಲ್ಲದರೊಳಗೂ ಕೈಹಾಕಿ ಒಂದು ಕೊರಿಯರ್ ಚೀಟಿ ಹೆಕ್ಕುವುದು. ಕೈಗವಸು ಕೆಲವೊಮ್ಮೆ ಇರುತ್ತದೆ. ಆ ಕೈ ರಾಯರಿಗೆ ಕಾಣಿಸಲಿಲ್ಲ, ಚೀಟಿ ಮಾತ್ರ ಕಾಣಿಸಿತು.

ಅಂದಿನಿಂದ ರಾತ್ರಿ ಊಟವಾದ ಮೇಲೆ ಅವರಿಗೆ ಕೈತುಂಬ ಕೆಲಸ. ಕನ್ನಡಕ ಏರಿಸಿ, ಕತ್ತರಿ ಹಿಡಿದು ಕೂರುತ್ತಾರೆ. ಪಾರ್ಸೆಲ್ ಡಬ್ಬದ ಮೇಲಿನ ಹೆಸರು ಕತ್ತರಿಸುವುದು, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರು ಹರಿಯುವುದು, ಡಾಕ್ಟರ ಚೀಟಿಯನ್ನು ಸಾಸಿವೆಯಷ್ಟು ಚೂರು ಮಾಡುವುದು. ಲಗ್ನಪತ್ರಿಕೆಯ ಲಕೋಟೆಯನ್ನು ಮಾತ್ರ ಬಚ್ಚಲಲ್ಲಿ ನೆನೆಹಾಕಿ ಶಾಯಿ ಬಿಡಿಸುತ್ತಾರೆ. ಮನೆಯಾಕೆ ಒಮ್ಮೆ ತಡೆಯಲಾರದೆ, “ಅಲ್ಲಾ ರೀ, ಇಷ್ಟೊತ್ತು ಬೇರ್ಪಡಿಸೋ ಬದಲು ಹಸಿ ಕಸ ಒಣ ಕಸ ಬೇರೆ ಮಾಡಿದ್ರೆ ಐದು ನಿಮಿಷದಲ್ಲಿ ಮುಗೀತಿತ್ತಲ್ಲ?” ಎಂದರು. ರಾಯರು ಉತ್ತರಿಸಲಿಲ್ಲ. ಅವರ ಮನೆಯಲ್ಲೂ ವಿಂಗಡಣೆ ಕಟ್ಟುನಿಟ್ಟು. ಹೆಸರಿರುವ ಕಸ ಒಂದು ಕಡೆ, ಹೆಸರಿಲ್ಲದ ಕಸ ಇನ್ನೊಂದು ಕಡೆ.

2025ರ ಅಕ್ಟೋಬರ್ ಕೊನೆಗೆ ಬೆಂಗಳೂರಿನ ಘನತ್ಯಾಜ್ಯ ನಿಗಮದವರು ಹೊಸ ಹಬ್ಬವೊಂದನ್ನು ಹುಟ್ಟುಹಾಕಿದರು. ಬೀದಿಯಲ್ಲಿ ಎಸೆಯುವವರನ್ನು ವಿಡಿಯೋದಲ್ಲಿ ಹಿಡಿದು, ಗಾಡಿ ನಂಬರಿನಿಂದ ಮನೆ ಪತ್ತೆಹಚ್ಚಿ, ಅವರ ಬಾಗಿಲ ಮುಂದೆಯೇ ಕಸ ಸುರಿಯುವುದು, ಮೇಲೆ ದಂಡ. ಕತ್ತರಿಸಿ ಕತ್ತರಿಸಿ ಬೆರಳಿಗೆ ಬೊಕ್ಕೆ ಬರಿಸಿಕೊಂಡಿದ್ದ ರಾಯರಿಗೆ ಸ್ಕೂಟರಿನ ಹಿಂದೆ ಒಂದು ನಂಬರ್ ಪ್ಲೇಟ್ ಇದೆಯೆನ್ನುವುದೇ ಮರೆತುಹೋಗಿತ್ತು.

ತೊಳೆದು ಒಣಗಿದ ಅಂಗಳದೆದುರು ಟಿಪ್ಪರ್ ಹಿಂದಕ್ಕೆ ಬಂದು ಬಾಗಿತು. ರಾಯರು ಬನಿಯನ್ನಿನಲ್ಲೇ ಓಡಿಬಂದರು.

“ಏನ್ರೀ ಇದು? ಸಿವಿಕ್ ಸೆನ್ಸ್ ಇಲ್ವಾ ನಿಮಗೆ? ಮನೆ ಮುಂದೆ ಕಸ ಹಾಕ್ತೀರಾ?”

“ನಿಮ್ಮದೇ ಸಾರ್, ವಾಪಸ್ ಕೊಡ್ತಿದೀವಿ,” ಎಂದರು ಮಾರ್ಷಲ್.

“ನಮ್ಮದು ಒಂದೇ ಕವರು! ಇದೆಲ್ಲ ಊರಿನದು. ನಮ್ಮದನ್ನ ಎರಡು ಗಂಟು ಹಾಕಿರ್ತೀನಿ, ನೋಡಿ ಬೇಕಾದ್ರೆ.”

ಗಂಟಿನ ಸಾಕ್ಷ್ಯವನ್ನು ತಾವೇ ಕೊಟ್ಟ ಮೇಲೆ ದಾರಿ ಬದಲಿಸಿದರು. ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆಯಲ್ಲ, ಆ ಸೈಟು ರಸ್ತೆಯ ಆಚೆ ಬದಿಗಿದೆ, ಬೇರೆ ಪಾಲಿಕೆಯ ಸರಹದ್ದು, ಇವರಿಗೆ ಅಧಿಕಾರವೆಲ್ಲಿಯದು? ಅದೂ ನಡೆಯಲಿಲ್ಲ. ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವನ್ನೂ ಕಟ್ಟಿದ್ದೇನೆ, ದುಡ್ಡು ಕಟ್ಟಿದವನಿಗೆ ಎಸೆಯುವ ಹಕ್ಕಿಲ್ಲವೇ? ಮಾರ್ಷಲ್ ಮಾತಾಡದೆ ರಶೀದಿ ಹರಿದರು. 2,000 ರೂಪಾಯಿ. ಬೀನ್ಸ್ ಕೊಳ್ಳುವಾಗಿನ ಅಭ್ಯಾಸದಲ್ಲಿ ರಾಯರು ಸಾವಿರದಿಂದ ಶುರುಮಾಡಿದರು. ಇದು ಮೊದಲನೇ ಸಲದ ರೇಟು, ಮತ್ತೆ ಸಿಕ್ಕರೆ ಜಾಸ್ತಿ ಎಂದು ತಿಳಿದಾಗ ಚೌಕಾಸಿ ನಿಂತಿತು.

ದುಡ್ಡು ಎಣಿಸಿಕೊಟ್ಟು, ರಶೀದಿಯನ್ನು ಹಿಂದೆ ಮುಂದೆ ಓದಿ, ಒಂದು ಅನುಮಾನ ಉಳಿದವರಂತೆ ಮಾರ್ಷಲ್‌ರನ್ನು ಗೇಟಿನ ಬಳಿ ತಡೆದರು.

“ಒಂದು ವಿಷಯ ಕೇಳ್ತೀನಿ ಇವ್ರೇ. ಇದನ್ನೂ ಆಸ್ತಿ ತೆರಿಗೆ ಥರಾನೇ ಇಡೀ ವರ್ಷದ್ದು ಒಟ್ಟಿಗೆ ಏಪ್ರಿಲ್‌ನಲ್ಲೇ ಕಟ್ಟಿಬಿಟ್ರೆ, ಶೇಕಡ 5 ರಿಯಾಯಿತಿ ಸಿಗುತ್ತಾ?”